ಅರಿಶಿನ ಕುಂಕುಮದ ಕೆಳಗಿನ ಸಾಲು

ಇದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ದಿನಾ ದೇವರಿಗೆ ದೀಪ ಹಚ್ಚುವವಳೇ ಆದರೂ ಪವಾಡದ ಕಥೆ ಕೇಳಿದರೆ ಒಳಗೊಳಗೇ ನಗುತ್ತಿದ್ದೆ.

ತುಮಕೂರಿನಲ್ಲಿ ನಮ್ಮ ಮನೆ ಇರುವುದು ಕೆರೆಯ ಕೆಳಗಿನ ಬೀದಿಯಲ್ಲಿ. ನಾಲ್ಕು ವರ್ಷದ ಹಿಂದೆ ಬೀದಿಯ ಹೆಂಗಸರ ಸಂಘದವರು ನನಗೊಂದು ಕೆಲಸ ವಹಿಸಿದರು. ನೀರು ನುಗ್ಗಿದರೆ ನೆರವಿಗೆ ಬರಬಲ್ಲ ಕಸುಬುದಾರರನ್ನು ಹುಡುಕಿ, ಒಪ್ಪಿಸಿ, ಹೆಸರು, ಫೋನ್ ನಂಬರ್ ಬರೆದಿಡಬೇಕು. ಕೂಲಿಯಿಲ್ಲದ ಕೆಲಸಕ್ಕೆ ಯಾರು ಬರುತ್ತಾರೆ ಅಂದುಕೊಂಡಿದ್ದೆ. ಅಂತರಸನಹಳ್ಳಿಯ ಎಲೆಕ್ಟ್ರಿಷಿಯನ್, ಗೂಳೂರಿನ ಟ್ರ್ಯಾಕ್ಟರ್ ಡ್ರೈವರ್, ಹಗ್ಗ ಹಿಡಿದು ಬಾವಿಗಿಳಿಯುವ ಗುಬ್ಬಿ ಕಡೆಯ ಇಬ್ಬರು, ಒಬ್ಬರೂ ಇಲ್ಲ ಅನ್ನಲಿಲ್ಲ.

ಆದರೆ ದಿನಸಿ ಚೀಟಿ ಬರೆಯುವ ರೂಢಿಯಲ್ಲಿ ಪಟ್ಟಿಯ ಮೇಲ್ಗಡೆ "ಅರಿಶಿನ, ಕುಂಕುಮ" ಎಂದು ಬರೆದುಬಿಟ್ಟಿದ್ದೆ. ನಮ್ಮ ಯಜಮಾನರು ನಕ್ಕರು. "ಪ್ರವಾಹ ಬಂದ್ರೆ ಕುಂಕುಮ ಕೊಟ್ಟು ವಾಪಸ್ ಕಳಿಸ್ತೀಯೇನೇ?" ಮಂಗಳದ ಮಾತು, ಹೊಡೆದುಹಾಕಲು ಮನಸ್ಸು ಬರಲಿಲ್ಲ. ಒಂದು ಸಾಲು ಖಾಲಿ ಬಿಟ್ಟು ಕೆಳಗೆ ಹೆಸರುಗಳನ್ನು ಬರೆದೆ.

ಮೂರು ತಿಂಗಳ ಮೇಲೆ ಕೆರೆ ಕೋಡಿ ಬಿತ್ತು. ಬೆಳಗ್ಗೆ ಹತ್ತಕ್ಕೆ ಬೀದಿಯಲ್ಲಿ ಸೊಂಟದವರೆಗೆ ನೀರು. ಅದೇ ಹೊತ್ತಿಗೆ ಎದುರುಮನೆ ಪುಷ್ಪಾಗೆ ಹೆರಿಗೆ ನೋವು. ಆಂಬುಲೆನ್ಸ್ ಬರುವ ಹಾಗಿರಲಿಲ್ಲ, ಅವಳನ್ನು ಎತ್ತಿ ಸಾಗಿಸುವ ಸ್ಥಿತಿಯೂ ಇರಲಿಲ್ಲ. ಪಟ್ಟಿ ಬರೆದಿದ್ದ ಪುಸ್ತಕ ತೆಗೆದೆ. ಮನೆಯಲ್ಲಿ ಎರಡು ಹೆತ್ತವಳು ನಾನು, ಹೆಸರು ಬರೆಯುವಾಗ ಹೆರಿಗೆಯ ಯೋಚನೆಯನ್ನೇ ಮಾಡಿರಲಿಲ್ಲವಲ್ಲ! ನೋಡಿದರೆ ಆ ಖಾಲಿ ಸಾಲಿನಲ್ಲಿ ನನ್ನದೇ ಅಕ್ಷರ: "ಸಾಕಮ್ಮ, ಸೂಲಗಿತ್ತಿ, ಗೂಳೂರು." ಪಕ್ಕದಲ್ಲಿ ನಂಬರ್.

ಯೋಚಿಸಲು ಹೊತ್ತಿಲ್ಲದೆ ಫೋನ್ ಮಾಡಿದೆ. ನಮ್ಮ ಪಟ್ಟಿಯ ಟ್ರ್ಯಾಕ್ಟರಿನಲ್ಲೇ ಆಕೆ ಬಂದಿಳಿದರು.

"ಅಳ್ಬೇಡ ಕಣವ್ವ, ನಾನ್ ಬಂದಿದೀನಲ್ಲ. ಏಯ್, ಗಂಡಸ್ರೆಲ್ಲ ಆಚೆ ನಡೀರಿ, ನೀವೇನ್ ಹೆರ್ತೀರಾ?"

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಅತ್ತಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಹೊರಡುವಾಗ ಅರಿಶಿನ ಕುಂಕುಮ, ಎಲೆ ಅಡಿಕೆ ಕೊಟ್ಟು, "ನಿಮ್ಮ ಹೆಸರು ಯಾವಾಗ ಬರೆದುಕೊಂಡೆನೋ ನೆನಪೇ ಇಲ್ಲ ಸಾಕಮ್ಮ" ಅಂದೆ.

"ನನ್ ಮನೇಗೆ ಯಾರೂ ಬಂದಿಲ್ಲ ಬುಡವ್ವ. ಈ ನಂಬರ್ರೇ ಹೋದ್ ವಾರ ಕುಣಿಗಲ್ಲಿಂದ ಮಗಳು ಕೊಡ್ಸಿದ್ದು. ಅವಳ್ ಬಿಟ್ರೆ ಇನ್ನೂ ಯಾರ್ಗೂ ಗೊತ್ತಿಲ್ಲ."

ಯಜಮಾನರು ಆ ಸಾಲನ್ನು ಎರಡು ಸಲ ಓದಿ ಪುಸ್ತಕವನ್ನು ದೇವರ ಮುಂದಿಟ್ಟರು. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಆ ಸಾಲು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಹೊಸ ಪಟ್ಟಿ ಬರೆಯುತ್ತೇನೆ. ಅರಿಶಿನ ಕುಂಕುಮದ ಕೆಳಗೆ ಒಂದು ಸಾಲು ಖಾಲಿ ಬಿಡುತ್ತೇನೆ.