ಗ್ರಹಣದ ನೀರು, ಅವ್ವನ ಹಲ್ಲು

ನಿನ್ನೆ ಗ್ರಹಣ ಬಿಟ್ಟ ಮೇಲೆ ಮನೆಯ ಹಳೆಯ ನೀರನ್ನೆಲ್ಲ ಚೆಲ್ಲುತ್ತಾ ಬಂದವಳು ಒಂದು ಸ್ಟೀಲ್ ಬಟ್ಟಲಿನ ಮುಂದೆ ನಿಂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ, ಪುಣೆಯ ಹಳೆಯ ವಾಡೆ ಮನೆಯಲ್ಲಿ, ಗ್ರಹಣದ ನೀರು ಚೆಲ್ಲುವ ಕೆಲಸ ನನ್ನದು. ಒಮ್ಮೆ ಹಾಗೆಯೇ ಕೊಡ, ತಂಬಿಗೆ, ಬಟ್ಟಲು ಎಲ್ಲವನ್ನೂ ಸರಸರನೆ ಮೋರಿಗೆ ಸುರಿದೆ. ಸ್ನಾನ ಮುಗಿಸಿ ಬಂದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು.

"ಇಲ್ಲಿದ್ದ ಬಟ್ಟಲಾ ಎಲ್ಲಿ?"

ಅದರಲ್ಲಿ ಅವಳ ಹೊಸ ಹಲ್ಲಿನ ಸೆಟ್ಟಿತ್ತು. ವಸಡು ಕೆಟ್ಟು ಹಲ್ಲೆಲ್ಲ ಕೀಳಿಸಿಕೊಂಡ ಮೇಲೆ ತಿಂಗಳುಗಟ್ಟಲೆ ಸೆರಗು ಇಳಿಸದೆ ಮಾತಾಡಿದ್ದಳು. ಮರುದಿನ ಅಕ್ಕನನ್ನು ನೋಡಲು ಗಂಡಿನವರು ಬರುವವರಿದ್ದರು.

"ಅದರ ನೀರೂ ಚೆಲ್ಲಿದೆನವ್ವಾ" ಎಂದೆ.

ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅವ್ವ ಮಡಿಸೀರೆಯಲ್ಲೇ ಕುಳಿತು ಮೊಣಕೈವರೆಗೆ ಮೋರಿಯೊಳಗೆ ಕೈ ಇಳಿಸಿದ್ದಳು. ಎರಡು ಸಲ ಬರೀ ರಾಡಿ ಬಂತು. ಮೂರನೆಯ ಸಲ ಗುಲಾಬಿ ಬಣ್ಣದ ವಸಡು ಕಂಡಿತು.

"ಸಿಕ್ಕುವು. ನೀರಿನ ಜೋಡಿ ನನ್ನ ಬಾಯಿನೂ ಚೆಲ್ಲಿದ್ಯಲ್ಲೇ ಹುಡುಗಿ. ನಿಮ್ಮಪ್ಪಗ ಹೇಳಬ್ಯಾಡ" ಎಂದು ಮತ್ತೆ ಸ್ನಾನಕ್ಕೆ ಹೋದಳು.

ಅವ್ವ ತೀರಿ ತಿಂಗಳಾಯಿತು. ಆಸ್ಪತ್ರೆಯವರು ತೆಗೆದುಕೊಟ್ಟ ಹಲ್ಲಿನ ಸೆಟ್ಟು ಈ ಸ್ಟೀಲ್ ಬಟ್ಟಲಲ್ಲೇ ಇದೆ. ನಿನ್ನೆ ಮೊದಲು ಅದನ್ನು ಕೈಗೆ ತೆಗೆದುಕೊಂಡೆ, ಆಮೇಲೆ ನೀರು ಚೆಲ್ಲಿದೆ. ಹೊಸ ನೀರು ತುಂಬಿ ಮತ್ತೆ ಅದರಲ್ಲೇ ಇಟ್ಟೆ.