ಹದಿನಾರು ಹಲ್ಲಿನ ಸ್ಪ್ರಾಕೆಟ್ಟು

ಬೀಗದಣ್ಣ ಅಂದರೆ ಆ ಏರಿನ ಮೇಲಿನ ಬೀದಿಗೆಲ್ಲ ಗೊತ್ತು. ಮೂವತ್ತು ವರ್ಷ ಕಂಡವರ ಬೀಗ ಬಿಚ್ಚಿ, ಕೀಲಿ ಉಜ್ಜಿ, ಯಾರನ್ನೂ ನಂಬದ ಕಣ್ಣು ಅವನಿಗೆ ಬಂದುಬಿಟ್ಟಿತ್ತು. ಜೀವವೆಲ್ಲ ಇದ್ದದ್ದು ಒಂದು ಹಳೇ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲಿನಲ್ಲಿ. ಗುಜರಿಯಿಂದ ತಂದು ತಾನೇ ಎಬ್ಬಿಸಿದ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸುವುದಾದರೂ ಕೂಸಿಗೆ ಔಷಧಿ ಅಳೆದ ಹಾಗೆ. ಒಂದೊಂದು ನಟ್ಟಿಗೂ ಹೆಂಡತಿಯ ನೇಲ್ ಪಾಲಿಶಿನಿಂದ ಕೆಂಪು ಗೆರೆ ಎಳೆದಿದ್ದ. ಯಾರಾದರೂ ತಿರುಗಿಸಿದರೋ, ಗೆರೆ ಮುರಿದು ಕಳ್ಳ ಸಿಕ್ಕಿಬೀಳಬೇಕು.

ಆ ಸೋಮವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮನೆ ಬಿಟ್ಟು ನೂರು ಮಾರು ಹೋಗಿರಲಿಲ್ಲ, ಅವನ ಕಿವಿ ನೆಟ್ಟಗಾಯಿತು. ಅದೇ ರಸ್ತೆ, ಅದೇ ವೇಗ. ಎಂಜಿನ್ನು ಮಾತ್ರ ಎಂದಿಗಿಂತ ಜೋರಾಗಿ ಕಿರುಚುತ್ತಿದೆ!

ಏರಿನ ಬುಡದಲ್ಲಿ ಎಂದಿನಂತೆ ಗಾಡಿ ನಿಲ್ಲಿಸಿದ. ಹೆಂಡತಿಯ ಹೊಲಿಗೆ ಅಂಗಡಿ ಏರಿನ ಮೇಲೆ, ಅವನ ಅಂಗಡಿಯ ಪಕ್ಕದಲ್ಲೇ. ಇಬ್ಬರನ್ನು ಹೊತ್ತು ಗಾಡಿ ಏರುವುದಿಲ್ಲವೆಂದು ಎರಡು ವರ್ಷದಿಂದ ಅವಳು ನಡೆದೇ ಹತ್ತುತ್ತಿದ್ದಳು.

"ಇವತ್ತೊಂದು ಸಲ ನೋಡಿ ರೀ, ಹತ್ತಬಹುದು."

"ಗಾಡಿ ಕೇಳಲ್ಲ ಕಣೇ, ಇಳಿ."

ಅವಳು ಇಳಿದದ್ದೇ ತಡ, ಗಾಡಿ ಮೇಕೆಮರಿಯಂತೆ ಏರು ಹತ್ತಿಬಿಟ್ಟಿತು. ಯಾರೋ ಕೈ ಹಾಕಿದ್ದಾರೆ!

ಅಂಗಡಿ ಬಾಗಿಲೂ ತೆಗೆಯದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಗೆರೆಗಳೆಲ್ಲ ನೆಟ್ಟಗಿವೆ. ಹಿಂದಿನ ಚಕ್ರ ಮಾತ್ರ ಒಂದು ಗುರುತು ಹಿಂದೆ ಸರಿದಿದೆ. ಮುಚ್ಚಳ ಬಿಚ್ಚಿ, ಚೈನು ಎಳೆಯುವ ಮುಂದಿನ ಸ್ಪ್ರಾಕೆಟ್ಟಿನ ಹಲ್ಲು ಎಣಿಸಿದ. ಹದಿನಾಲ್ಕು. ಮತ್ತೆ ಎಣಿಸಿದ. ಹದಿನಾಲ್ಕೇ. ಅವನ ಹದಿನಾರು ಹಲ್ಲಿನ ಅಸಲಿ ಸ್ಪ್ರಾಕೆಟ್ಟು ಮಾಯ! ಕಳ್ಳ ಗೆರೆಗಳನ್ನೂ ಅದೇ ಕೆಂಪಿನಲ್ಲಿ ತಿದ್ದಿದ್ದಾನೆ ಅಂದರೆ ಮನೆಗೆ ಬಂದುಹೋಗುವವನೇ ಇರಬೇಕು.

ನಿನ್ನೆ ಅವನು ಬಸ್ಸಿನಲ್ಲಿ ಪಕ್ಕದ ಊರಿಗೆ ಬೀಗ ಬಿಚ್ಚಲು ಹೋಗಿದ್ದಾಗ ಮನೆಗೆ ಬಂದವನು ಒಬ್ಬನೇ, ಹೆಂಡತಿಯ ತಮ್ಮ. ಈ ಗಾಡಿಯ ಮೇಲೆ ಮೊದಲಿಂದ ಕಣ್ಣಿಟ್ಟವನು. ಫೋನು ಮಾಡಿದ.

"ಎಲ್ಲೋ ನನ್ನ ಹದಿನಾರು ಹಲ್ಲು?"

"ಭಾವ, ಹಲ್ಲು ಉದುರಿದ್ರೆ ಡಾಕ್ಟರ ಹತ್ರ ಹೋಗಿ!"

"ಇನ್ನು ನನ್ನ ಮನೆ ಹೊಸಿಲು ತುಳಿದೀಯಾ ಹುಷಾರ್!"

ಫೋನಿಟ್ಟು ಮತ್ತೆ ಬಗ್ಗಿದವನಿಗೆ ಚೈನಿನ ಲಾಕು ಕಂಡಿತು. ಅದರ ಮುಚ್ಚಿದ ತುದಿ ಸರಿಯಾಗಿ, ಚೈನು ಓಡುವ ದಿಕ್ಕಿಗೇ ಇದೆ. ಭಾವಮೈದ ಎಷ್ಟು ಬೈಸಿಕೊಂಡರೂ ಅದನ್ನು ಉಲ್ಟಾ ಹಾಕುವ ಆಸಾಮಿ. ಇಷ್ಟು ಸರಿಯಾಗಿ ಈ ಕೆಲಸ ಕಲಿತವರು ಇನ್ನು ಯಾರು?

ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ, ಮೊಣಕಾಲು ಒತ್ತಿಕೊಳ್ಳುತ್ತಾ ಏರು ಮುಗಿಸಿ ಬಂದಳು. ಅವಳ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು.

"ನೀನಾ?"

"ಹೂಂ, ನಾನೇ. ಮೂವತ್ತು ವರ್ಷ ಪಕ್ಕದಲ್ಲಿ ಟಾರ್ಚು ಹಿಡಿದವಳಿಗೆ ಅಷ್ಟೂ ಬರಲ್ವಾ?"

"ಒಂದು ಮಾತು ಕೇಳಬಾರದಿತ್ತಾ?"

"ಎರಡು ವರ್ಷದಿಂದ ಕೇಳ್ತಾನೇ ಇದ್ದೆ. ಹಲ್ಲು ಕಮ್ಮಿ ಮಾಡಿ, ಓಟ ತಗ್ಗಿದ್ರೂ ಏರಿಗೆ ಎಳೆಯುತ್ತೆ ಅಂತ. ಅಸಲಿ ಗಾಡಿ, ಮುಟ್ಟಬಾರದು ಅಂದ್ರಿ. ನನ್ನ ಮೊಣಕಾಲೇನು ನಕಲಿನಾ?"

ಅವಳು ಅಂಗಡಿ ತೆಗೆದು, ಗುಂಡಿ ಡಬ್ಬಿಯಿಂದ ಬಟ್ಟೆ ಸುತ್ತಿದ ಸ್ಪ್ರಾಕೆಟ್ಟು ತಂದು ಮುಂದಿಟ್ಟಳು. ಎಣ್ಣೆ ಬೇರೆ ಸವರಿದ್ದಾಳೆ.

"ಬೇಕಾದ್ರೆ ಈಗಲೇ ಹಾಕ್ಕೊಳ್ಳಿ. ನಾಳೆಯಿಂದ ನಾನು ತಮ್ಮನ ಗಾಡೀಲಿ ಬರ್ತೀನಿ."

ಅವನು ಸ್ಪ್ರಾಕೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದ. ಹದಿನಾರೂ ಇವೆಯೋ ಅಂತ ಎಣಿಸಿದ. ಆಮೇಲೆ ಅದೇ ಬಟ್ಟೆಯಲ್ಲಿ ಸುತ್ತಿ ಗುಂಡಿ ಡಬ್ಬಿಗೇ ಹಾಕಿದ.

ಮರುದಿನ ಏರಿನ ಬುಡದಲ್ಲಿ ಅಭ್ಯಾಸಬಲದಿಂದ ಗಾಡಿ ನಿಧಾನ ಮಾಡಿದ. ಹಿಂದಿನ ಸೀಟು ಅಲುಗಲಿಲ್ಲ. ಹಲ್ಲು ಕಚ್ಚಿ ಗೇರು ಇಳಿಸಿದ. ಗಾಡಿ ಬುರ್ರೆಂದು ಹೊಗೆಯುಗುಳುತ್ತಾ ಇಬ್ಬರನ್ನೂ ಎಳೆಯಿತು.

"ತಮ್ಮನಿಗೆ ಫೋನ್ ಮಾಡಿದ್ರಾ?" ನಡು ಏರಿನಲ್ಲಿ ಅವಳು ಕಿವಿಯ ಬಳಿ ಕೂಗಿದಳು.

"ಮಾಡಿದೆ. ನಗ್ತಾನೇ ಇದ್ದ, ಕತ್ತೆ."

ಅಂಗಡಿ ಮುಂದೆ ಇಳಿದವನೇ ಬಗ್ಗಿ, ಕೆಂಪು ಗೆರೆಗಳನ್ನು ಒಂದೊಂದಾಗಿ ದಿಟ್ಟಿಸತೊಡಗಿದ.

"ಇನ್ನೂ ಏನೇನು ಬಿಚ್ಚಿದೀಯೇ?"

"ಬೀಗದವರು ನೀವು. ಕಂಡುಹಿಡ್ಕೊಳ್ಳಿ," ಅಂದವಳು ಮೊಣಕಾಲು ಒತ್ತಿಕೊಳ್ಳದೆ ಒಳಗೆ ಹೋದಳು.