ನಾಲ್ಕು ಬೆರಳ ದೂರ

ಬೆಳಕು ಇನ್ನೂ ಹರಿದಿಲ್ಲ. ಸ್ಫಾಕ್ಸ್ ನಗರದ ಕೋಟೆಗೋಡೆಯ ಹೊರಗಿನ ಓಣಿಯಲ್ಲಿ, ಅರ್ಧ ಎತ್ತಿದ ಶಟರಿನ ಒಳಗಿಂದ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತದೆ. ರಿಪೇರಿ ಅಂಗಡಿಯ ಮೊಂಜಿಯಾ ಎಡಗೈಯನ್ನು ಹಸಿರು ಸರ್ಕ್ಯೂಟ್ ಬೋರ್ಡಿನ ಪಕ್ಕ ಕಿರುಬೆರಳು ಕೆಳಗಾಗಿ ನಿಲ್ಲಿಸಿದ್ದಾರೆ. ಒಂದರ ಮೇಲೊಂದು ಕೂತ ನಾಲ್ಕು ಬೆರಳ ಎತ್ತರದಲ್ಲಿ ಬಸ್ ಕಾರ್ಡ್ ಹಿಡಿದರೆ ಟಿಕ್. ಅವರ ಅಳತೆಗೋಲು ಇಷ್ಟೇ.

ಖಾಸಗಿ ಬಸ್ ಕಂಪನಿಯೊಂದರ ಕಾರ್ಡ್ ರೀಡರುಗಳು ಕೆಟ್ಟಾಗ ಬರುವುದು ಇಲ್ಲಿಗೆ. ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ; ಬೋರ್ಡಿನ ಅಂಚಿನಲ್ಲಿ ಸುತ್ತಿಕೊಂಡ ತಾಮ್ರದ ಗೆರೆಗಳು ಎಬ್ಬಿಸುವ ಕಾಂತಕ್ಷೇತ್ರವೇ ಅದಕ್ಕೆ ಜೀವ. ಆ ಕಾಯಿಲ್ ಹದ ತಪ್ಪಿದರೆ ಕಾರ್ಡನ್ನು ಒತ್ತಿ ಉಜ್ಜಬೇಕಾಗುತ್ತದೆ, ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಮೊಂಜಿಯಾ ಅಪ್ಪನ ರೇಡಿಯೊ ಅಂಗಡಿಯಲ್ಲಿ ಬೆಳೆದವರು. “ಸ್ಟೇಷನ್ ಹಿಡಿಯೋದು, ಇದು, ಎರಡೂ ಒಂದೇ ಕೆಲ್ಸ. ಇಲ್ಲಿ ಹಾಡು ಬರಲ್ಲ, ಅಷ್ಟೇ,” ಎನ್ನುತ್ತಾರೆ. ಐವತ್ತೊಂದು ವರ್ಷ, ಎರಡು ಜೊತೆ ಕನ್ನಡಕ, ದಿನಕ್ಕೆ ಹತ್ತು ಹನ್ನೆರಡು ಬೋರ್ಡು. ಆಲಿವ್ ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟು ಬೆಳಗಿನ ಊಟ.

ಇಂದು ಮೇಜಿನ ಮೇಲಿರುವ ಬೋರ್ಡು ಮೂರನೆಯ ಸಲ ಬಂದಿದೆ. ಕಳೆದೆರಡು ಸಲ ಅವರು ಕಾಯಿಲಿನ ಪಕ್ಕದ ಕೆಪಾಸಿಟರ್ ಬದಲಿಸಿದರು, ಬೆಸುಗೆಗಳನ್ನು ಮತ್ತೆ ಕಾಯಿಸಿದರು. ಇಲ್ಲಿ ನಾಲ್ಕು ಬೆರಳ ದೂರದಿಂದ ಕಾರ್ಡ್ ಓದುವ ಬೋರ್ಡು ಬಸ್ಸಿನಲ್ಲಿ ಅರ್ಧ ಬೆರಳ ದೂರದಿಂದಲೂ ಓದುವುದಿಲ್ಲ. ಇನ್ನೊಮ್ಮೆ ದೂರು ಬಂದರೆ ಎಲ್ಲ ಬೋರ್ಡುಗಳನ್ನೂ ರಾಜಧಾನಿಗೆ ಕಳಿಸುವುದಾಗಿ ಡಿಪೋ ಮೇಲ್ವಿಚಾರಕ ನಜೀಬ್ ಹೇಳಿಯಾಗಿದೆ. ಅಂಗಡಿಗೆ ಬೇರೆ ಕೆಲಸವಿಲ್ಲ.

ಮೊಂಜಿಯಾ ಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಡಿಪೋಗೆ ನಡೆಯುತ್ತಾರೆ. ಅವರು ಬರುವುದನ್ನು ಕಂಡ ಆ ಬೋರ್ಡಿನ ಬಸ್ಸಿನ ಚಾಲಕ ಹೇದಿ, ಯಂತ್ರಕ್ಕೂ ಮದುವೆ ದಿಬ್ಬಣವೇ ಎಂದು ಕಿಚಾಯಿಸುತ್ತಾನೆ. ಅವರು ಬಸ್ ಹತ್ತಿ ರೀಡರಿನ ಖಾಲಿ ಪೆಟ್ಟಿಗೆಯೊಳಗೆ ಬೆರಳಾಡಿಸುತ್ತಿದ್ದಂತೆ ಅವನ ನಗು ನಿಲ್ಲುತ್ತದೆ. ಹಿಂಗೋಡೆಗೆ ಕಪ್ಪು ಟೇಪು. ಟೇಪಿನಡಿ ಅಂಗೈಯಗಲದ ತಾಮ್ರದ ಖಮ್ಸಾ, ದೃಷ್ಟಿ ತಾಗದಂತೆ ಕಾಯುವ ಐದು ಬೆರಳ ಕೈ. ಕಾಯಿಲಿನ ಬೆನ್ನಿಗೇ ಅಂಟಿಕೊಂಡು, ಅದು ಕಾರ್ಡಿಗೆ ಹೋಗಬೇಕಾದ ಶಕ್ತಿಯನ್ನೆಲ್ಲ ತಾನೇ ಕುಡಿಯುತ್ತಿತ್ತು.

ಬಸ್ಸಿನ ಕನ್ನಡಿಗೆ ಏನೂ ತೂಗುಹಾಕಬಾರದೆಂದು ಕಂಪನಿ ನಿಯಮ ಮಾಡಿದ ಮೇಲೆ ಹೇದಿ ಅದನ್ನು ಒಳಗಿಟ್ಟಿದ್ದ. “ಹೊಸ ಯಂತ್ರ ಅಕ್ಕಾ. ದಿನಾ ಮುನ್ನೂರು ಜನ ಇದನ್ನೇ ನೋಡ್ತಾರೆ. ಕಣ್ಣು ಬೀಳ್ದೆ ಇರುತ್ತಾ?”

“ಕಣ್ಣು ಬಿದ್ದಿದ್ದು ಯಂತ್ರಕ್ಕಲ್ಲಪ್ಪ, ನನ್ನ ಅಂಗಡಿಗೆ,” ಎನ್ನುತ್ತಾರೆ ಮೊಂಜಿಯಾ. ಅವರ ಮೇಜಿನ ಮೇಲೂ ಒಂದು ಖಮ್ಸಾ ಇದೆ, ಬೋರ್ಡುಗಳಿಂದ ಮೊಳ ದೂರದಲ್ಲಿ.

ಪೆಟ್ಟಿಗೆ ಬಿಚ್ಚಿದ್ದು ತಿಳಿದರೆ ಚಾಲಕನ ಕೆಲಸ ಹೋಗುತ್ತದೆ. ಕಾರಣ ಬರೆದುಕೊಟ್ಟರೆ ಮೊಂಜಿಯಾರ ಎರಡು ಸೋಲುಗಳೂ ಅಳಿಸಿಹೋಗುತ್ತವೆ. ಅವರು ತಾಮ್ರದ ಕೈಯನ್ನು ಬಿಡಿಸಿ ಚಾಲಕನ ಸೀಟಿನಡಿ ಅಂಟಿಸುತ್ತಾರೆ, ಬೋರ್ಡು ಕೂರಿಸುತ್ತಾರೆ, ಎಡಗೈ ನಿಲ್ಲಿಸಿ ಕಾರ್ಡ್ ಹಿಡಿಯುತ್ತಾರೆ. ಟಿಕ್. ಚೀಟಿಯಲ್ಲಿ ಬರೆಯುವುದು ಒಂದೇ ಪದ: ಸರಿಪಡಿಸಲಾಗಿದೆ.

ನಜೀಬ್ ಚೀಟಿ ಓದಿ, ಮೂರು ಸಲಕ್ಕೆ ಸರಿಹೋಯಿತೇ, ಕೈ ನಡುಗಲು ಶುರುವಾಗಿದೆಯೇ ಎಂದು ಕೇಳುತ್ತಾರೆ.

“ಇನ್ನು ವಾಪಸ್ ಬರಲ್ಲ,” ಎನ್ನುತ್ತಾರೆ ಮೊಂಜಿಯಾ.

ಈ ಬರಹದಲ್ಲಿ ಎಲ್ಲರ ಹೆಸರನ್ನೂ ಬದಲಿಸಲಾಗಿದೆ. ಅದು ಮೊಂಜಿಯಾರದೇ ಷರತ್ತು. ಗೇಟಿನವರೆಗೆ ಹಿಂದೆ ಬಂದ ಹೇದಿ, ಮನೆಯಲ್ಲಿ ಯಾರಿಗಾದರೂ ಹೇಳಿಬಿಡುವಿರೇನೋ ಎಂದು ತಡವರಿಸುತ್ತಾನೆ. ಮೊಂಜಿಯಾ ಖಾಲಿ ಟವೆಲನ್ನು ಮಡಚಿ ಕಂಕುಳಲ್ಲಿಟ್ಟುಕೊಳ್ಳುತ್ತಾರೆ.

“ನೀನು ಏನೂ ಇಟ್ಟಿರ್ಲಿಲ್ಲ. ನಾನು ಏನೂ ತೆಗೀಲಿಲ್ಲ. ಹೋಗು, ಬಸ್ಸಿಗೆ ಹೊತ್ತಾಯ್ತು.”